ಸೀಟಿನ ಕೊಳವೆಯೊಳಗಿನ ಗಂಟು

"ಮುಟ್ಟಿ ನೋಡು, ಮೂಸಿ ನೋಡು, ತಲೆಕೆಳಗು ಮಾಡಿ ನೋಡು. ಸೀಟನ್ನ ಮಾತ್ರ ಕೀಳಬೇಡ," ಎಂದಳು ಆರ್ಮಿದಾ, ಕೊಟ್ಟಿಗೆಯ ಮೂಲೆಯ ಹಳೇ ಸೈಕಲ್ಲು ತೋರಿಸಿ. "ಕಿತ್ತವನ ಕಾಲು ಬಿದ್ದುಹೋಗ್ತದೆ."

ಲೋರಿಸ್ ನಕ್ಕುಬಿಟ್ಟ. ಹಳೇ ರೇಸ್ ಸೈಕಲ್ಲುಗಳ ಮಾದರಿ, ವಯಸ್ಸು ಗುರುತಿಸಿ ಹೇಳುವುದು ಅವನ ಕಸುಬು. ಇಟಲಿಯ ಮಿಲಾನಿನಿಂದ ವಿಚೆಂಜಾ ಊರಿನ ಮೇಲಿನ ಈ ಮಂಜು ಕವಿದ ಕಣಿವೆಗೆ ಫೋನು ಮಾಡಿ ಕರೆಸಿದವನು ಅವಳ ಗಂಡ ಎಲ್ವಿಯೋ. ಮದುವೆಯಾದ ವರ್ಷವೇ ಎರಡೂ ಕಾಲು ಸತ್ತು, ಅಂದಿನಿಂದ ಮಹಡಿಯಲ್ಲಿ ಮಲಗಿಯೇ ಮುದುಕನಾದವನು. 'ಸೀಟು ಕಿತ್ತು ಒಳಗಡೆ ಅಳತೆ ತಗೊಳ್ದೆ ಹೋಗಬೇಡಪ್ಪಾ' ಎಂದು ಫೋನಿನಲ್ಲಿ ಗೋಗರೆದಿದ್ದ.

"ನಿಮ್ಮ ಯಜಮಾನರೇ ಕೀಳು ಅಂದಿದಾರಲ್ಲಮ್ಮಾ."

"ಅಂತಾನೆ. ಕಳ್ಕೊಳ್ಳೋಕೆ ಅವನಿಗಿನ್ನು ಕಾಲಿದಾವಾ?"

"ಮಾಟ ಮಾಡಿಸಿದ್ದು ಯಾರು, ನಿಮ್ಮೂರಿನ ಆಡುಗಳಾ?"

ಅವಳು ನಗಲಿಲ್ಲ. "ಬಾಯಿ ಮುಚ್ಕೊಂಡು ಕೆಲಸ ಮುಗಿಸು, ಪಟ್ಟಣದವನೇ," ಎಂದು ಅಡುಗೆಮನೆಗೆ ಹೋದಳು. ತಾಮ್ರದ ಪಾತ್ರೆಯಲ್ಲಿ ಪೊಲೆಂಟಾ, ಅಂದರೆ ಮೆಕ್ಕೆಜೋಳದ ಗಂಜಿ, ತಿರುವುವ ಕೋಲಿನ ಸದ್ದು ಗೋಡೆಯಾಚೆ ಶುರುವಾಯಿತು.

ಕಿಟಕಿಯಿಲ್ಲದ ಕೊಟ್ಟಿಗೆ. ಒದ್ದೆ ಕಲ್ಲು, ಮುಗ್ಗಿದ ಹುಲ್ಲು, ಗಟ್ಟಿಯಾದ ಗ್ರೀಸಿನ ವಾಸನೆ. ಲೋರಿಸ್ ಟಾರ್ಚು ಹಿಡಿದ. ಸೈಕಲ್ಲಿಗೆ ಯಾರೋ ಅಡ್ಡಾದಿಡ್ಡಿ ಕಪ್ಪು ಬಣ್ಣ ಬಳಿದಿದ್ದರು, ಹೆಸರಿಲ್ಲ, ಲಾಂಛನವಿಲ್ಲ. ಪೆಡಲಿನ ಅಚ್ಚಿನ ಕೆಳಗೆ ಕೆರೆದು ನೋಡಿದ. ನಂಬರನ್ನು ಅರದಿಂದ ಉಜ್ಜಿ ಅಳಿಸಿದ್ದರು. ಬ್ರೇಕಿನ ತಂತಿಗೆ ಬೆಸುಗೆಯ ಕೊಂಡಿಗಳಿಲ್ಲ, ತಿರುಪು ಹಾಕಿದ ಪಟ್ಟಿಗಳಿವೆ. ಕೊಳವೆಗಳು ಕೂಡುವಲ್ಲಿ ಉಕ್ಕಿನ ಅಂಚನ್ನು ಕೈಯಿಂದಲೇ ಚೂಪಾಗಿ ಅರೆದಿದ್ದಾರೆ. ಅರವತ್ತರ ದಶಕದ್ದು, ಅನುಮಾನವಿಲ್ಲ. ಆದರೆ ಮಾದರಿ? ಸೀಟಿನ ಕೊಳವೆಯ ಒಳ ಅಳತೆ ಇಪ್ಪತ್ತೇಳು ಮಿಲಿಮೀಟರಿಗೆ ಕೂದಲೆಳೆ ಮೇಲಿದ್ದರೆ ತೆಳು ಉಕ್ಕು, ರೇಸಿನದು. ಕಡಿಮೆಯಿದ್ದರೆ ಸಂತೆಗೆ ಹೋಗಿಬರುವ ಸಾಧಾರಣದ್ದು. ಅದನ್ನು ಅಳೆಯಬೇಕಾದರೆ ಸೀಟು ಕೀಳಲೇಬೇಕು.

ಸೀಟಿನ ಕಂಬಿ ಕೊಳವೆಗೆ ಇಳಿಯುವಲ್ಲಿ ಸುತ್ತ ಮೇಣ ಮೆತ್ತಿತ್ತು. ಕೆರೆದ. ಎಣ್ಣೆ ಬಿಟ್ಟ. ತಿರುಚಿದ. ಕಂಬಿ ನರಳುತ್ತ ಮೇಲೆ ಬಂತು.

ಮೊದಲು ಬಂದದ್ದು ವಾಸನೆ. ಸುಟ್ಟ ಕೂದಲು, ಹಳೇ ರಕ್ತ. ಸೈಕಲ್ಲನ್ನು ಬೋರಲು ಮಾಡಿದ. ಹೆಬ್ಬೆರಳ ಗಾತ್ರದ್ದೊಂದು ಉದ್ದನೆಯ ಗಂಟು ಅಂಗೈಗೆ ಜಾರಿತು. ಹೆಣ್ಣಿನ ಕೂದಲು, ಗಂಡಿನ ಕೂದಲು, ಒಂದಕ್ಕೊಂದು ಹೆಣೆದದ್ದು. ಬೆಚ್ಚಗಿತ್ತು.

"ಇದಾ ನಿಮ್ಮ ಭೂತ!" ಎಂದು ಎಳೆಯೊಂದನ್ನು ಜಗ್ಗಿದ. ಗಂಟು ತಾನಾಗಿಯೇ ಬಿಚ್ಚಿಕೊಳ್ಳತೊಡಗಿತು.

ಪಾದ ತಣ್ಣಗಾಯಿತು. ಆಮೇಲೆ ಮೊಣಕಾಲು. ತೊಡೆ. ಗೋಡೆ ಹಿಡಿದ. ಗೋಡೆ ಜಾರಿತು. ಬಿದ್ದ. ಬಿದ್ದ ನೋವು ಸೊಂಟದಿಂದ ಕೆಳಗೆ ತಿಳಿಯಲೇ ಇಲ್ಲ.

ಗೋಡೆಯಾಚೆ ಕೋಲಿನ ಸದ್ದು ನಿಂತಿತು.

ಮಹಡಿಯ ಹಲಗೆ ಕಿರುಗುಟ್ಟಿತು. ಒಂದು ಹೆಜ್ಜೆ. ಇನ್ನೊಂದು. ಮೆಟ್ಟಿಲ ಮೇಲೆ ಬರಿಗಾಲು. ಬಾಗಿಲಲ್ಲಿ ರಾತ್ರಿಯಂಗಿ ತೊಟ್ಟ ಮುದುಕ ನಿಂತಿದ್ದ. ಕಡ್ಡಿಯಂಥ ಕಾಲು ನಡುಗುತ್ತಿದ್ದವು. ಆದರೂ ನಿಂತಿದ್ದ.

"ನೀವು... ಬೇಕಂತಲೇ ಕರೆಸಿದ್ರಾ?" ಲೋರಿಸ್ ಮೊಣಕೈ ಊರಿ ತಲೆಯೆತ್ತಿದ. "ಮಾದರಿ ತಿಳೀಬೇಕು ಅಂದ್ರಲ್ಲಾ..."

"ಯಾವ ಮಾದರಿಯಾದರೇನು ಮಾರಾಯ," ಎಂದ ಎಲ್ವಿಯೋ, ಅವನನ್ನು ದಾಟುತ್ತ. "ಓಡಿದ್ರೆ ಸಾಕು."

ಅವನು ಎತ್ತಿ ಹತ್ತಿದ ಸೀಟಿಲ್ಲದ ಸೈಕಲ್ಲು ಗಾಳಿಯಿಲ್ಲದ ಚಕ್ರಗಳ ಮೇಲೆ ಕಲ್ಲುಹಾದಿಯಲ್ಲಿ ಲಟಲಟ ಇಳಿಯಿತು. ಮಂಜು ಸದ್ದನ್ನೂ ನುಂಗಿತು.

ಆರ್ಮಿದಾ ಬಂದಳು. ಓಡುವವನ ಹಿಂದೆ ಹೋಗಲಿಲ್ಲ. ನೆಲದ ಮೇಲೆ ಚೆದುರಿದ ಕೂದಲಲ್ಲಿ ಹೆಣ್ಣಿನವನ್ನು, ತನ್ನವನ್ನಷ್ಟೇ ಆರಿಸಿಕೊಂಡಳು. ಲೋರಿಸನ ತಲೆಯಿಂದ ಒಂದು ಹಿಡಿ ಕಿತ್ತಳು.

"ಅಮ್ಮಾ, ನಿಮ್ಮ ದಮ್ಮಯ್ಯ... ಮನೇಲಿ ಮಗಳು ಕಾಯ್ತಿದಾಳೆ!"

"ಓಡಿಹೋದನಲ್ಲ, ಅವನಿಗೂ ಒಬ್ಬಳು ಕಾಯ್ತಿದ್ದಳು, ಪೇಟೇಲಿ," ಎಂದಳು ಅವಳು ಹೆಣೆಯುತ್ತ. "ಎಷ್ಟೂಂತ ಕಾದಾಳು?"

ಗಂಟನ್ನು ಬಿಗಿದು ಸೆರಗಿನಂತೆ ಇಳಿಬಿದ್ದ ಶಾಲಿನೊಳಗೆ ಸಿಕ್ಕಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಪೊಲೆಂಟಾದ ತಟ್ಟೆ ತಂದು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಬಾಯಿ ತೆಗಿ. ಆರಿಹೋಗ್ತದೆ."