ನಡುಗಂಬ ಬಿಡದ ಸೊರೆತ್ತಿ

"ಎದ್ದು ಹೋಗು, ಸೊರೆತ್ತಿ!"

ಗುತೆಮಾ ಹೀಗೆ ಕೂಗುವಷ್ಟರಲ್ಲಿ ಸೊರೆತ್ತಿ ಅವನ ಮನೆಯ ನಡುಗಂಬಕ್ಕೆ ಒರಗಿ ಕೂತಾಗಿತ್ತು. ಕೈಯಲ್ಲಿ ಒಂದು ಹಿಡಿ ಹಸಿರು ಹುಲ್ಲು. ನಮ್ಮ ಆರ್ಸಿ ಸೀಮೆಯಲ್ಲಿ ಹೆಣ್ಣೊಬ್ಬಳು ಹೀಗೆ ಹುಲ್ಲು ಹಿಡಿದು ತಾನಾಗಿಯೇ ಮನೆ ಹೊಕ್ಕರೆ ಅರ್ಥ ಒಂದೇ... ಸೊಸೆಯಾಗಲು ಬಂದಿದ್ದಾಳೆ!

"ಹೋಗಲ್ಲ."

"ನಾಳೆ ಕುದುರೆ ಸಾಹುಕಾರನ ಕಡೆ ಹಿರಿಯರು ನಿನ್ನ ಕೇಳೋಕೆ ಬರ್ತಾರಂತೆ. ನೀನೂ ಒಪ್ಪಿದ್ದೀಯಂತೆ!"

"ಯಾರು ಹೇಳಿದ್ದು?"

"ಸಂತೆಯೆಲ್ಲಾ ಅದೇ ಮಾತು."

"ಸಂತೆ ಮಾತು ಕೇಳಿದೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

ಗುತೆಮಾ ತಲೆ ತಗ್ಗಿಸಿದ.

'ಇದಕ್ಕೇನಾ ಇವನು ನಾವು ದಿನಾ ಸೇರ್ತಿದ್ದ ಒರತೆ ಹತ್ರ ಬರೋದು ಬಿಟ್ಟಿದ್ದು? ಪೆದ್ದ!' ಅವಳ ಕಣ್ಣು ತುಂಬಿ ಬಂತು. ಆದರೂ ಕಂಬ ಬಿಡಲಿಲ್ಲ. ಒಪ್ಪಿದ್ದು ಅವಳಪ್ಪ. ಇಲ್ಲಿಂದ ಹೊರಬಿದ್ದರೆ ಆ ಸಾಹುಕಾರನ ಮನೆಯೇ ಗತಿ.

ಗುತೆಮಾನ ತಾಯಿ ಜಿಫಾರೆ ಒಲೆ ಹೊತ್ತಿಸಿದಳು. ಹೀಗೆ ಹೊಕ್ಕವಳನ್ನು ಹೊರದಬ್ಬುವಂತಿಲ್ಲ. ಆದರೆ ನಯವಾಗಿ ಸಾಗಹಾಕುವುದು ಆಕೆಗೆ ಗೊತ್ತಿತ್ತು! ಕಾಫಿ ಬೀಜ ಹುರಿದು, ಕುಟ್ಟಿ, ಕುದಿಸಿ, ಮೊದಲ ಬಟ್ಟಲನ್ನು ಸೊರೆತ್ತಿಯ ಮುಂದಿಟ್ಟಳು.

"ತಗೋಮ್ಮಾ. ಮನೆಗೆ ಬಂದ ನೆಂಟರನ್ನ ಬರೀ ಬಾಯಲ್ಲಿ ಕಳಿಸಬಾರದು."

ಸೊರೆತ್ತಿಗೆ ಆಟ ಅರ್ಥವಾಯಿತು. ನೆಂಟರು ಮೂರು ಸುತ್ತು ಕಾಫಿ ಕುಡಿಯುತ್ತಾರೆ, ಮನೆಯನ್ನು ಹರಸಿ ಎದ್ದು ಹೋಗುತ್ತಾರೆ. ಕುಡಿದರೆ ಅವಳೂ ನೆಂಟರಂತೆ ಎದ್ದು ಹೋಗಬೇಕು. ಕುಡಿಯದಿದ್ದರೆ ಮನೆಗೆ ಅವಮಾನ!

ಅವಳು ಬಟ್ಟಲನ್ನು ಎತ್ತಿಕೊಂಡಳು. ಮಂಡಿಯೂರಿ, ಎರಡೂ ಕೈಯಿಂದ ಅದನ್ನು ಜಿಫಾರೆಗೇ ಚಾಚಿದಳು.

"ಮೊದಲು ನೀವು, ಅತ್ತೆ. ಹಿರಿಯರು ಕುಡೀದೆ ಸೊಸೆ ಬಟ್ಟಲು ಮುಟ್ಟಲ್ಲ."

ಈಗ ಸಿಕ್ಕಿಬಿದ್ದದ್ದು ಜಿಫಾರೆ! ಮಂಡಿಯೂರಿ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ?

"ಎಲಾ ಇವಳಾ! ನನಗೇ ಪಾಠ ಹೇಳ್ತಾಳಲ್ಲ!"

ಆಕೆಗೆ ನಗು ತಡೆಯಲಾಗಲಿಲ್ಲ. ಒಂದು ಗುಟುಕು ಕುಡಿದಳು. ಬೆಣ್ಣೆ ಗಡಿಗೆಗೆ ಕೈ ಹಾಕಿ, ಒಂದು ಉಂಡೆಯನ್ನು ಸೊರೆತ್ತಿಯ ನೆತ್ತಿಗೆ ಒತ್ತಿದಳು. ಸೊಸೆಯನ್ನು ಒಪ್ಪಿದ ಗುರುತು ಅದು.

"ಇವತ್ತೇ ನಮ್ಮ ಹಿರಿಯರನ್ನ ನಿಮ್ಮಪ್ಪನ ಹತ್ರ ಕಳಿಸ್ತೀನಿ. ಅವನು ಕೂಗಾಡಲಿ ಬಿಡು."

ಸೊರೆತ್ತಿ ಇನ್ನೂ ಏಳಲಿಲ್ಲ. ಗುತೆಮಾನತ್ತ ತಿರುಗಿದಳು.

"ಅತ್ತೆ ಒಪ್ಪಿದ್ರು. ನೀನು?"

ಅವನು ಅವಳ ಪಕ್ಕದಲ್ಲೇ ಕುಸಿದು ಕೂತ.

"ನೀನಿಲ್ಲದೆ ನಂಗೇನಿದೆ ಕಣೇ... ನಾನೇ ಬಂದು ಕೇಳಬೇಕಿತ್ತು. ನೀನು ಸಾಹುಕಾರನ್ನ ಒಪ್ಪಿದ್ದೀನಿ ಅಂದ್ಬಿಟ್ರೆ ಅಂತ ಹೆದರಿದೆ."

"ಈಗ ಕೇಳು."

"ಇಲ್ಲೇ... ಇರ್ತೀಯಾ?"

ಹಣೆಗಿಳಿಯುತ್ತಿದ್ದ ಬೆಣ್ಣೆಯನ್ನು ಬೆರಳಲ್ಲಿ ತೆಗೆದು ಅವಳು ಅವನ ಮೂಗಿಗೆ ಸವರಿದಳು.

"ಬಂದಾಗಿಂದ ಅದನ್ನೇ ಹೇಳ್ತಿದ್ದೀನಲ್ಲೋ, ಪೆದ್ದ!"