ಈಶಮ್ಮನ ಮನೆಯಲ್ಲಿ ನಾಲ್ಕು ಕೂಸು

"ಜರಾ ಒಂದ್ಕಡಿ ನಿಂದರ್ರಿ, ಎಣಸಾಕ ಬಿಡ್ರಿ," ಎಂದರು ಶಾಂತಾಬಾಯಿ.

ಕೂಸುಗಳು ನಿಲ್ಲಬೇಕಲ್ಲ. ಒಂದು ಆ ಮೂಲೆಯಿಂದ ಈ ಮೂಲೆಗೆ ಓಡಿತು. ಇನ್ನೊಂದು ಚಾಪೆಯ ಕೆಳಗೆ ತೂರಿಕೊಂಡಿತು. ಶಾಂತಾಬಾಯಿಯವರು ಬೆರಳು ಮಾಡಿ ಎಣಿಸಿದಾಗಲೆಲ್ಲ ಬೇರೆಯದೇ ಲೆಕ್ಕ ಬಂತು.

ಬಾಗಿಲಲ್ಲಿ ನಿಂತಿದ್ದ ಈಶಮ್ಮನಿಗೆ ನಗು ಬಂತು. ಅವಳು ಐದನೇ ಕ್ಲಾಸು. ದಿನಾ ಬೆಳಿಗ್ಗೆ, ಇನ್ನೂ ಎರಡು ವರ್ಷ ತುಂಬದ ತಮ್ಮ ಬಕ್ಕನನ್ನು ಈ ಖೋಲಿಯಲ್ಲಿ ಬಿಟ್ಟು ಶಾಲೆಗೆ ಹೋಗುವುದು ಅವಳ ಕೆಲಸ. ತಾಂಡೂರಿನ ದಾಲ್ ಮಿಲ್ಲಿನ ಗೋಡೆಗೆ ಹೊಂದಿಕೊಂಡಿದ್ದ ಒಂದೇ ಒಂದು ಖೋಲಿ ಅದು. ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ಹೆಂಗಸರ ಮಕ್ಕಳೆಲ್ಲ ಸಂಜೆ ಕೆಲಸ ಬಿಡುವ ಭೋಂಗಾ ಕೂಗುವವರೆಗೆ ಅಲ್ಲೇ ಇರುತ್ತಿದ್ದರು. ಅವರನ್ನೆಲ್ಲ ನೋಡಿಕೊಳ್ಳುವವಳು ಸುಂದರಬಾಯಿ ಒಬ್ಬಳೇ.

"ಇವುಗಳೊಳಗ ಎರಡು ವರ್ಷದ ಒಳಗಿನವು ಎಷ್ಟು?" ಶಾಂತಾಬಾಯಿ ಕೇಳಿದರು. ಅವರು ಇಂಥ ಖೋಲಿಗಳನ್ನು ತಪಾಸಣೆ ಮಾಡುವ ಸರ್ಕಾರಿ ಆಫೀಸಿನವರು. ಜಹೀರಾಬಾದ್ ಕಡೆಯವರಾದ್ದರಿಂದ ಅವರ ಮಾತು ಮನೆಯವರ ಮಾತಿನಂತೆಯೇ ಇತ್ತು.

"ನಾಕು ಅದಾವ್ರಿ ಬಾಯಾರ," ಎಂದಳು ಸುಂದರಬಾಯಿ.

"ನೋಡಾಕಿ ನೀವೊಬ್ರೇ?"

"ಹೌದ್ರಿ. ಖೋಲಿ ಸುರು ಆದಾಗಿಂದ ನಾನೊಬ್ಬಾಕಿನೇ."

ಅವಳು ಮಾತಾಡುತ್ತಿರುವಾಗಲೇ ಒಂದು ಕೂಸು ಈಶಮ್ಮನ ಪಕ್ಕದಿಂದ ನುಸುಳಿ ಹೊರಗೆ ಹೋಗಿಬಿಟ್ಟಿತು. ಅಂಗಳದಲ್ಲಿ ತೊಗರಿ ಚೀಲ ತುಂಬಿದ ಲಾರಿಯೊಂದು ಹಿಮ್ಮುಖವಾಗಿ ಬರುತ್ತಿತ್ತು. ಶಾಂತಾಬಾಯಿಯವರೇ ಓಡಿಹೋಗಿ ಕೂಸನ್ನು ಎತ್ತಿಕೊಂಡು ಬಂದರು. ಸುಂದರಬಾಯಿ ಬಾಗಿಲಿಗೆ ಅಡ್ಡ ಬಂದು ನಿಂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ನೋಡ್ರಿ, ದೊಡ್ಡ ಕೂಸುಗಳಿಗಾದ್ರ ಒಬ್ಬ ಆಯಾ ಸಾಕು. ಇಂಥ ಸಣ್ಣವು ಇದ್ದಲ್ಲಿ ಇನ್ನೊಬ್ಬಾಕಿ ಬೇಕೇ ಬೇಕು. ಇದು ನಿಯಮ. ನಾ ಮಿಲ್ಲಿನವರಿಗಿ ಹೇಳಿ ಹೋಗ್ತೀನಿ."

ಇನ್ನೊಬ್ಬ ಆಯಾ ಬಂದರೆ ಸುಂದರಬಾಯಿಗೆ ಹಗುರಾಗುತ್ತದೆ ಎಂದುಕೊಂಡು ಈಶಮ್ಮ ಶಾಲೆಗೆ ಹೋದಳು.

ಸಂಜೆ ಆದದ್ದೇ ಬೇರೆ. ಮಿಲ್ಲಿನ ಲೆಕ್ಕ ಬರೆಯುವ ಮುನಶಿ ನರಸಿಂಹುಲು ಗೇಟಿನ ಹತ್ತಿರ ನಿಂತು ಹೆಂಗಸರನ್ನೆಲ್ಲ ಕರೆದ.

"ಇನ್ನೊಬ್ಬ ಆಯಾಗ ಪಗಾರ ಕೊಡಾಕ ಸೇಠ್‌ರು ತಯಾರಿಲ್ಲ. ನಾಳಿಂದ ಎರಡು ವರ್ಷದ ಒಳಗಿನ ಕೂಸುಗಳನ್ನ ಖೋಲಿಗಿ ತರಬ್ಯಾಡ್ರಿ. ಸಣ್ಣವು ಇಲ್ದಿದ್ರ ನಿಯಮದ ತಂಟೇನೂ ಇಲ್ಲ."

ಈಶಮ್ಮನ ಅವ್ವ ಲಚ್ಚಮ್ಮ ಬಕ್ಕನನ್ನು ಎತ್ತಿಕೊಂಡು ಬಿರಬಿರನೆ ನಡೆದಳು. ಮನೆಗೆ ಬಂದು ಒಲೆ ಹಚ್ಚಿದಳು. ಹಿಟ್ಟು ನಾದಿದಳು. ರೊಟ್ಟಿ ಬಡಿಯುತ್ತ, ಮಗಳ ಮುಖ ನೋಡದೆ ಹೇಳಿದಳು:

"ಈಶೀ, ನೀ ಕೆಲವು ದಿನ ಸಾಲಿಗಿ ಹೋಗಬ್ಯಾಡ."

"ಪರೀಕ್ಷಾ ಹತ್ರ ಬಂದದವ್ವ."

"ನನಗ ಗೊತ್ತಿಲ್ಲೇನು? ನಾ ಮಿಲ್ಲಿಗಿ ಹೋಗ್ಲಿಲ್ಲಂದ್ರ ಒಲಿ ಮ್ಯಾಲ ಏನಿಡ್ಲಿ? ಅಪ್ಪ ಲಾರಿ ಮ್ಯಾಲ ಹೋಗ್ಯಾನ, ಯಾವಾಗ ಬರ್ತಾನೋ."

ಬಕ್ಕ ಹಿಟ್ಟಿನ ಪರಾತದಲ್ಲಿ ಕೈ ಹಾಕಿ ನಗುತ್ತಿದ್ದ. ಈಶಮ್ಮನಿಗೆ ಅವನ ಮೇಲೂ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಶಾಂತಾಬಾಯಿಯವರ ಮೇಲೆ. ಯಾರು ಕರೆದಿದ್ದರು ಅವರನ್ನು? ಎಲ್ಲ ನೆಟ್ಟಗೇ ನಡೆದಿತ್ತಲ್ಲ?

ಮರುದಿನ ಬೆಳಿಗ್ಗೆ ಅವ್ವ ಮಿಲ್ಲಿಗೆ ಹೊರಟಾಗಲೇ ಪಕ್ಕದ ಮನೆಯ ಮೈಸಮ್ಮ ಮಗಳು ಕೌಶಲ್ಯಾಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು.

"ಹ್ಯಾಂಗೂ ನೀ ಮನ್ಯಾಗೇ ಇರ್ತಿ. ಇಕಿನ್ನೂ ಜರಾ ನೋಡವ್ವ. ಅಳಂಗಿಲ್ಲ ಇಕಿ."

ಅವಳ ಹಿಂದೆಯೇ ಮೋನಮ್ಮ ಬಂದಳು. ಅವಳಿಗೆ ಅವಳಿ ಗಂಡುಮಕ್ಕಳು, ಅಂಜಪ್ಪ ಮತ್ತು ಗಂಗಾರಾಮ. ಯಾವನು ಯಾರೆಂದು ತಿಳಿಯದೆ ಓಣಿಯವರೆಲ್ಲ ಇಬ್ಬರನ್ನೂ ‘ಜೋಡಿ’ ಎಂದೇ ಕರೆಯುತ್ತಿದ್ದರು. ಮೋನಮ್ಮ ಜೋಡಿಯನ್ನು ಹೊಸ್ತಿಲ ಒಳಗೆ ಇಳಿಸಿ, ಈಶಮ್ಮನ ತಲೆ ನೇವರಿಸಿ ಹೋದಳು.

ಮೊದಮೊದಲು ಈಶಮ್ಮನಿಗೆ ಅದು ಆಟದಂತಿತ್ತು. ನಾಲ್ವರನ್ನೂ ಗೋಡೆಗೆ ಒರಗಿಸಿ ಕೂಡಿಸಿ, ತಾನೇ ಟೀಚರ್ ಆಗಿ ಪಾಠ ಹೇಳಿದಳು. ಆದರೆ ಒಂದು ಕೂಸಿಗೆ ನಿದ್ದೆ ಬಂದರೆ ಇನ್ನೊಂದಕ್ಕೆ ಹಸಿವು. ಒಂದನ್ನು ಮಲಗಿಸಿದರೆ ಮತ್ತೊಂದು ಅತ್ತು ಎಬ್ಬಿಸುತ್ತಿತ್ತು. ಪುಸ್ತಕ ತೆಗೆದರೆ ಜೋಡಿಯಲ್ಲಿ ಒಬ್ಬ ಬಂದು ಹಾಳೆ ಜಗ್ಗುತ್ತಿದ್ದ. ಸಂಜೆ ಅವ್ವ ಬರುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿರುತ್ತಿತ್ತು. ಸುಂದರಬಾಯಿ ಅಷ್ಟೊಂದು ಕೂಸುಗಳನ್ನು ಹೇಗೆ ನೋಡುತ್ತಿದ್ದಳೋ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಬಕ್ಕ ಚಡ್ಡಿಯಲ್ಲೇ ಕೆಲಸ ಮುಗಿಸಿದ. ಈಶಮ್ಮ ಅವನನ್ನು ಹಿತ್ತಲಿಗೆ ಒಯ್ದು ತೊಳೆದಳು. ಒಳಗೆ ಬಂದಾಗ ಕೌಶಲ್ಯಾ ಮೂಗು ಉಜ್ಜಿಕೊಳ್ಳುತ್ತ ಅಳುತ್ತಿದ್ದಳು.

ಈಶಮ್ಮ ಅವಳ ತಲೆ ಹಿಂದಕ್ಕೆ ಬಾಗಿಸಿ ನೋಡಿದಳು. ಮೂಗಿನ ಹೊಳ್ಳೆಯೊಳಗೆ ಕೆಂಪಗೆ ಏನೋ ಹೊಳೆಯಿತು. ತೊಗರಿ ಕಾಳು. ಮಿಲ್ಲಿಗೆ ಹೋಗುವ ಬಂಡಿಗಳಿಂದ ಓಣಿಯಲ್ಲೆಲ್ಲ ಕಾಳು ಉದುರಿರುತ್ತಿತ್ತು. ಅದನ್ನೇ ಆರಿಸಿಕೊಂಡು ತುರುಕಿಕೊಂಡಿದ್ದಳು.

ಈಶಮ್ಮ ಬೆರಳು ಹಾಕಿ ತೆಗೆಯಲು ನೋಡಿದಳು. ಕಾಳು ಇನ್ನಷ್ಟು ಒಳಗೆ ಹೋಯಿತು. ಸಣ್ಣಗೆ ರಕ್ತ ಬಂತು.

ಕೌಶಲ್ಯಾಳನ್ನು ಎತ್ತಿಕೊಂಡು ಹೊರಗೆ ಓಡಿದಳು. ಹಿಂದೆ ಬಕ್ಕ ಕಿರುಚಿದ. ತಿರುಗಿ ನೋಡಿದರೆ ಜೋಡಿ ಆಗಲೇ ಹೊಸ್ತಿಲು ದಾಟಿ ಬಂಡಿಗಳು ಓಡಾಡುವ ದಾರಿಗೆ ಬಂದಿದ್ದರು. ಈಶಮ್ಮ ಮರಳಿ ಬಂದು ಇಬ್ಬರನ್ನೂ ಒಳಗೆ ಎಳೆದುಕೊಂಡಳು. ಬಾಗಿಲಲ್ಲಿ ನಿಂತಳು. ಇವಳನ್ನು ಹೀಗೇ ಬಿಡುವಂತಿಲ್ಲ. ಅವರನ್ನು ಬಿಟ್ಟು ಹೋಗುವಂತಿಲ್ಲ. ಓಣಿಯಲ್ಲಿ ದೊಡ್ಡವರೆಲ್ಲ ಕೆಲಸಕ್ಕೆ ಹೋಗಿದ್ದರು.

ಅವ್ವನ ಹಳೆಯ ಸೀರೆಯಿಂದ ಬಕ್ಕನನ್ನು ಬೆನ್ನಿಗೆ ಕಟ್ಟಿಕೊಂಡಳು. ಕೌಶಲ್ಯಾಳನ್ನು ಕಂಕುಳಲ್ಲಿ ಎತ್ತಿಕೊಂಡಳು. ಇನ್ನು ಉಳಿದದ್ದು ಒಂದೇ ಕೈ, ಹಿಡಿಯಬೇಕಾದವರು ಇಬ್ಬರು. ಒಬ್ಬನ ಕೈ ತಾನು ಹಿಡಿದು, ಅವನ ಇನ್ನೊಂದು ಕೈಯಲ್ಲಿ ಜೋಡಿಯ ಇನ್ನೊಬ್ಬನ ಕೈ ಕೊಟ್ಟಳು.

"ಬಿಡಬ್ಯಾಡ, ಹಿಡಕೊ," ಎಂದಳು. ಅವನಿಗೆ ಎಷ್ಟು ತಿಳಿಯಿತೋ, ಗಟ್ಟಿಯಾಗಿ ಹಿಡಿದುಕೊಂಡ. ಮಿಲ್ಲು ಅಷ್ಟೇನೂ ದೂರವಿರಲಿಲ್ಲ. ಆದರೆ ಆ ಪುಟ್ಟ ಕಾಲುಗಳ ಜೊತೆ ನಡೆಯುವಾಗ ದಾರಿ ಸಾಗಲೇ ಇಲ್ಲ.

ಖೋಲಿಯ ಬಾಗಿಲಲ್ಲಿ ಸುಂದರಬಾಯಿ ಕೌಶಲ್ಯಾಳ ಮೂಗು ನೋಡಿದಳು.

"ದವಾಖಾನಿಗೇ ಹೋಗ್ಬೇಕು. ಇವರನ್ನೆಲ್ಲ ಇಲ್ಲಿ ಬಿಡು." ಹಾಗೆಂದವಳು ತಡೆದಳು. "ಆ ಬಾಯಾರು ಈಗ ಬಂದ್ರ..."

ಒಂದು ಗಳಿಗೆ ಗೇಟಿನ ಕಡೆ ನೋಡಿದಳು. ಆಮೇಲೆ ಈಶಮ್ಮನ ಬೆನ್ನಿನ ಗಂಟು ಬಿಚ್ಚಿ ಬಕ್ಕನನ್ನು ಇಳಿಸಿಕೊಂಡಳು.

"ಬಂದ್ರ ಬರ್ಲಿ. ನೀ ಹೋಗು, ಮೈಸಮ್ಮನ್ನ ಕರಿ."

ಮೈಸಮ್ಮ ಬೇಳೆಯ ಧೂಳು ಮೆತ್ತಿದ ತಲೆಯಲ್ಲೇ ಓಡಿಬಂದಳು. ದವಾಖಾನೆಯಲ್ಲಿ ಕಂಪೌಂಡರ್ ಸಣ್ಣ ಚಿಮಟಾ ಹಾಕಿ ಕಾಳು ತೆಗೆದ. ಕೌಶಲ್ಯಾ ಒಮ್ಮೆ ಜೋರಾಗಿ ಅತ್ತು, ಆಮೇಲೆ ಅವ್ವನ ಹೆಗಲ ಮೇಲೆ ತಲೆಯಿಟ್ಟಳು.

"ತಡ ಮಾಡಿದ್ರ ಕಾಳು ನೆನೆದು ಉಬ್ಬತಿತ್ತು," ಎಂದ ಕಂಪೌಂಡರ್. "ಕೂಸು ನೋಡಾಕ ಯಾರು ಇದ್ರು?"

ಈಶಮ್ಮ ತಲೆ ತಗ್ಗಿಸಿದಳು. ಮೈಸಮ್ಮ ಬಯ್ಯುತ್ತಾಳೆ ಎಂದು ದಾರಿಯಲ್ಲೆಲ್ಲ ಕಾದಳು. ಮೈಸಮ್ಮ ಬಯ್ಯಲಿಲ್ಲ.

"ನಿಂದೇನ್ ತಪ್ಪದ?" ಎಂದಳು. "ನೀನೂ ಒಂದು ಕೂಸೇ ಅಲ್ಲೇನು."

ಅದಾದ ಕೆಲವು ದಿನಗಳಿಗೆ ಶಾಂತಾಬಾಯಿ ಮತ್ತೆ ಬಂದರು. ಈಶಮ್ಮ ನಾಲ್ಕೂ ಕೂಸುಗಳನ್ನು ಕಟ್ಟಿಕೊಂಡು ಖೋಲಿಯ ಎದುರಿನ ನಳದಲ್ಲಿ ನೀರು ಹಿಡಿಯುತ್ತಿದ್ದಳು. ಶಾಂತಾಬಾಯಿ ಹೊರಗೆ ಬರುತ್ತ ಸುಂದರಬಾಯಿಗೆ ಹೇಳಿದ್ದು ಅವಳಿಗೆ ಕೇಳಿಸಿತು.

"ಈಗ ಲೆಕ್ಕ ಸರಿ ಅದ ನೋಡ್ರಿ."

ಈಶಮ್ಮ ಕೊಡ ಇಳಿಸಿ ಮುಂದೆ ಹೋದಳು.

"ಬಾಯಾರ, ಒಂದು ಮಾತು ಕೇಳ್ಲೇನ್ರಿ?"

"ಕೇಳವ್ವ."

"ಒಬ್ಬಾಕಿ ಎಷ್ಟು ಸಣ್ಣ ಕೂಸು ನೋಡಬೌದ್ರಿ?"

"ದೊಡ್ಡಾಕಿ ಇದ್ರ ನಾಕೈದು. ಯಾಕ?"

"ನನ್ನ ಹತ್ರ ನಾಕು ಅದಾವ್ರಿ. ನಾ ದೊಡ್ಡಾಕಿ ಏನ್ರಿ?"

ಶಾಂತಾಬಾಯಿ ಅವಳನ್ನು ನೋಡಿದರು. ನಳದ ಹತ್ತಿರ ಕೆಸರಲ್ಲಿ ಕೂತಿದ್ದ ನಾಲ್ವರನ್ನೂ ನೋಡಿದರು. ಈ ಸಲ ಬೆರಳು ಮಾಡಿ ಎಣಿಸಲಿಲ್ಲ.

"ಸಾಲಿಗಿ ಹೋಗಂಗಿಲ್ಲೇನು ನೀನು?"

"ಹೋಗ್ತಿದ್ದೆರಿ. ಈಗ ಇವರು ಅದಾರಲ್ರಿ."

ಇಷ್ಟು ದಿನ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಸಿಟ್ಟಿನ ಮಾತುಗಳು ಈಶಮ್ಮನಿಗೆ ಆಗ ಬರಲಿಲ್ಲ. ಬಂದದ್ದು ಬೇರೆ ಮಾತು.

"ನೀವು ಹೇಳಿದ್ದು ಸುಳ್ಳಲ್ರಿ. ಒಬ್ಬಾಕಿಗಿ ಎಲ್ಲಾ ಕಡಿ ನೋಡಾಕ ಆಗಂಗಿಲ್ಲ. ಮೊನ್ನಿ ಇಕಿ ಮೂಗಿನ್ಯಾಗ ಕಾಳು ಹಾಕ್ಕೊಂಡಾಗ ನಾ ಹಿತ್ತಲದಾಗ ಇದ್ದೆ. ಆದ್ರ ಇವರು ಖೋಲಿ ಬಿಟ್ಟು ಮನಿಗಿ ಬಂದ್ರು. ಮನ್ಯಾಗ ನಿಯಮ ಇಲ್ಲೇನ್ರಿ?"

ಶಾಂತಾಬಾಯಿ ನಳದ ಕಟ್ಟೆಯ ಮೇಲೆ ಕೂತರು.

"ಖೋಲ್ಯಾಗ ಎಷ್ಟು ಅದಾವ ಅಂತ ಎಣಸೋದು ನನ್ನ ಕೆಲಸ," ಎಂದರು ನಿಧಾನವಾಗಿ. "ಹೊರಗ ಬಂದವು ಎಲ್ಲಿಗಿ ಹೋದವು ಅಂತ ನಾ ಕೇಳೇ ಇಲ್ಲ."

ಅಂದು ಅವರು ಸಂಜೆಯ ಬಸ್ಸಿಗೆ ಹೋಗಲಿಲ್ಲ. ಭೋಂಗಾ ಕೂಗುವವರೆಗೆ ಕಾದು, ತಾಯಂದಿರನ್ನೂ ಮುನಶಿಯನ್ನೂ ಕರೆದು ಕೂಡಿಸಿದರು.

"ನಿಯಮ ನನ್ನಿಂದ ಬಿಡಾಕ ಆಗಂಗಿಲ್ಲ. ಬಿಡಲೂ ಬಾರದು. ಆದ್ರ ಎರಡನೇ ಆಯಾ ಓದಿದಾಕಿನೇ ಆಗಬೇಕಂತಿಲ್ಲ. ಕೂಸು ಸಾಕಿ ಗೊತ್ತಿದ್ರ ಸಾಕು. ಯಾರರ ಅದಾರೇನು?"

"ನಮ್ಮತ್ತಿ ಬಂಡಮ್ಮ ಯಾಲಾಲ ಊರಾಗ ಅದಾಳ್ರಿ," ಎಂದಳು ಮೈಸಮ್ಮ. "ಕರಿಸ್ತೀನಿ. ಆದ್ರ ಅಕಿಗೂ ಹೊಟ್ಟಿ ಅದಲ್ರಿ."

ನರಸಿಂಹುಲು ಒಳಗೆ ಹೋಗಿ ಸೇಠರನ್ನು ಕೇಳಿ ಬಂದ. ಅರ್ಧ ಪಗಾರ ಮಿಲ್ಲು ಕೊಡುತ್ತದೆ, ಉಳಿದದ್ದು ನೀವು ನೋಡಿಕೊಳ್ಳಿ ಎಂದ. ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ, ಸಣ್ಣ ಕೂಸಿನ ತಾಯಂದಿರು ಒಂದೊಂದು ಕೂಸಿಗೆ ಇಷ್ಟು ಜೋಳ ಎಂದು ತಿಂಗಳಿಗೊಮ್ಮೆ ಬಂಡಮ್ಮನಿಗೆ ಅಳೆದು ಕೊಡುವುದೆಂದು ಆಯಿತು. ಲಚ್ಚಮ್ಮ ಹೂಂ ಎಂದಳು. ಮೈಸಮ್ಮ ಹೂಂ ಎಂದಳು.

"ನಂದು ಎರಡು ಅದಾವಲ್ಲ," ಎಂದಳು ಮೋನಮ್ಮ.

ಅವಳ ಪಾಲು ಹೊರಲು ಯಾರಿಂದಲೂ ಆಗುವಂತಿರಲಿಲ್ಲ. ಎಲ್ಲರ ಮನೆಯ ಜೋಳದ ಗಡಿಗೆಯೂ ಎಲ್ಲರಿಗೂ ಗೊತ್ತಿದ್ದದ್ದೇ. ಮೋನಮ್ಮ ಎದ್ದು, "ನೋಡ್ತೀನಿ," ಎಂದು ಜೋಡಿಯನ್ನು ಎತ್ತಿಕೊಂಡಳು.

ಬಂಡಮ್ಮ ಬಂದಳು. ದಪ್ಪ ಬಳೆಗಳ ಗಟ್ಟಿ ಮುದುಕಿ. ಬಂದವಳೇ ಖೋಲಿಯ ಬಾಗಿಲಿಗೆ ಅಡ್ಡವಾಗಿ ಒಂದು ಹಲಗೆ ಕಟ್ಟಿಸಿದಳು. ಬಕ್ಕ ಒಂದೇ ದಿನದಲ್ಲಿ ಅವಳ ತೊಡೆ ಹತ್ತಿದ. ಸುಂದರಬಾಯಿಗೆ ಈಗ ದೊಡ್ಡ ಮಕ್ಕಳಿಗೆ ಹಾಡು ಹೇಳಿಕೊಡಲು ಹೊತ್ತು ಸಿಗುತ್ತಿತ್ತು. ಈಶಮ್ಮ ಶಾಲೆಗೆ ಹೋದಳು. ತಪ್ಪಿಹೋಗಿದ್ದ ಪಾಠಗಳನ್ನು ಗೆಳತಿಯ ಹತ್ತಿರ ಬರೆದುಕೊಂಡಳು.

ಖೋಲಿಗೆ ಜೋಡಿ ಮಾತ್ರ ಬರಲಿಲ್ಲ. ಮಿಲ್ಲಿನಲ್ಲಿ ಮೋನಮ್ಮನೂ ಕಾಣಲಿಲ್ಲ.

ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಈಶಮ್ಮ ಅವಳನ್ನು ಕಂಡಳು. ಮಾರ್ಕೆಟ್ ಯಾರ್ಡಿನ ಹೊರಗೆ, ಬಂಡಿಗಳು ನಿಂತು ಹೋದ ಜಾಗದಲ್ಲಿ ಕೂತು, ಮಣ್ಣಿನಲ್ಲಿ ಉದುರಿದ ಕಾಳನ್ನು ಗುಡಿಸಿ ಮೊರದಲ್ಲಿ ಕೇರುತ್ತಿದ್ದಳು. ಜೋಡಿಯನ್ನು ಒಂದೇ ಸೀರೆಯ ಎರಡು ತುದಿಗಳಿಂದ, ಎತ್ತು ಬಿಚ್ಚಿ ನಿಲ್ಲಿಸಿದ್ದ ಒಂದು ಬಂಡಿಯ ಗಾಲಿಗೆ ಕಟ್ಟಿದ್ದಳು, ದಾರಿಗೆ ಹೋಗದ ಹಾಗೆ.

"ಸಾಲಿಗಿ ಹೋಗಾಕ ಹತ್ತೀ ಏನು ಈಗ?" ಮೋನಮ್ಮ ನಕ್ಕು ಕೇಳಿದಳು. "ಛಲೋ ಆತು ನೋಡವ್ವ."

ಅವಳ ಕೈ ಮೊರ ಬಿಡಲಿಲ್ಲ. ಹೊಟ್ಟು ಹಾರಿ ದೂರ ಬೀಳುತ್ತಿತ್ತು.

ಈಶಮ್ಮ ಜೋಡಿಯನ್ನು ನೋಡಿದಳು. ಬಕ್ಕ ಈಗ ಖೋಲಿಯಲ್ಲಿ ಬಂಡಮ್ಮನ ತೊಡೆಯ ಮೇಲೆ ಮಲಗಿರುತ್ತಾನೆ. ಲೆಕ್ಕ ಸರಿ ಇರುತ್ತದೆ. ಆ ಲೆಕ್ಕದಲ್ಲಿ ಈ ಇಬ್ಬರು ಇರುವುದಿಲ್ಲ.

ಅವಳನ್ನು ಕಂಡು ಜೋಡಿಯಲ್ಲಿ ಒಬ್ಬ ಎದ್ದು ನಿಂತ. ಈಶಮ್ಮ ಬಾಗಿ ಅವನನ್ನು ಎತ್ತಿಕೊಂಡಳು. ಕೆಳಗಿನವನೂ ಕೈ ಮೇಲೆತ್ತಿದ.

ಈಶಮ್ಮ ಹೆಗಲ ಮೇಲಿನ ಚೀಲವನ್ನು ನೆಲದ ಮೇಲಿಟ್ಟಳು. ಆ ಕೈಯಿಂದ ಅವನನ್ನೂ ಎತ್ತಿಕೊಂಡು ಬಂಡಿಯ ನೆರಳಲ್ಲಿ ಕೂತಳು.