ರೆಕಾರ್ಡಿನ ಎರಡನೇ ಮಗ್ಗಲು

ನನ್ನ ಬಲಗೈ ಕಿರುಬೆರಳು ದ್ರಾಕ್ಷಿ ಬಳ್ಳಿ ಸವರುವ ಕತ್ತರಿಯ ನಡುವೆ ಇತ್ತು.

ಕತ್ತರಿ ಭೂಪಾಲನ ಕೈಯಲ್ಲಿತ್ತು. ನಾನು ಕುರ್ಚಿಗೆ ಕಟ್ಟಿಸಿಕೊಂಡು ಕೂತಿದ್ದೆ.

"ಕೇಸ್ ಬಿಡ್ತಿಯೋ, ಬೆರಳ ಬಿಡ್ತಿಯೋ?"

ನಾನು ನಕ್ಕೆ. ನಿಪ್ಪಾಣಿಯಿಂದ ಅಥಣಿಯ ತನಕ ನನ್ನ ಮೇಲೆ ಎತ್ತಿದ ಕುಡಗೋಲುಗಳನ್ನು ಕರಗಿಸಿದರೆ ಒಂದು ರೈಲು ಎಂಜಿನ್ ಆದೀತು. ನಂಬುವುದಿಲ್ಲವೇ... ಹೋಗಲಿ, ಅರ್ಧ ಎಂಜಿನ್ ಅನ್ನಿ.

ಕೇಸ್ ಇಷ್ಟೇ. ಐನಾಪುರದ ಈ ಮನೆಯ ಕಿರಿಯ ಮಗ ತವನಪ್ಪ ಮಂಗಳವಾರ ಬೆಳಿಗ್ಗೆ ತೋಟದ ಬಾವಿಯಲ್ಲಿ ತೇಲಿದ. ತಲೆ ಒಡೆದಿತ್ತು. ಸತ್ತದ್ದು ಸೋಮವಾರ ಸಂಜೆ. ಪೊಲೀಸರು ಆಳುಮಗ ಲಗಮಣ್ಣನನ್ನು ಎಳೆದೊಯ್ದರು. ಅವನ ಹೆಂಡತಿ ಚನ್ನವ್ವ ಖಾಸಗಿ ಪತ್ತೇದಾರನಾದ ನನ್ನ ಬಾಗಿಲಿಗೆ ಬಂದಳು.

ನನ್ನ ಕಣ್ಣು ಸತ್ತವನ ಅಣ್ಣ ಭೂಪಾಲನ ಮೇಲೆ. ತೋಟ ಪಾಲಾಗುವುದು ಅವನಿಗೆ ಬೇಕಿರಲಿಲ್ಲ. ಆದರೆ ಆ ಸಂಜೆಯೆಲ್ಲ ಅವನು ಈ ಮಹಡಿ ಕೋಣೆಯಲ್ಲಿ ರೆಕಾರ್ಡ್ ಕೇಳುತ್ತಿದ್ದನಂತೆ. ಕೆಳಗೆ ಅಡುಗೆಮನೆಯಲ್ಲಿದ್ದ ತಾಯಿ ಚಂದ್ರಮತಿಯೇ ಸಾಕ್ಷಿ.

"ಬೆರಳ ತಗೋರಿ ಸಾವಕಾರ್ರ. ಮೊದಲ ಆ ರೆಕಾರ್ಡ್ ಕೇಳಸ್ರಿ."

"ನಿನಗ ಜಾಝ್ ಏನ ತಿಳೀತೈತಿ ಲೇ?"

"ನಮ್ಮಜ್ಜ ಬ್ಯಾಂಡಿನ್ಯಾಗ ಇದ್ದಾ."

ಅಜ್ಜ ಹೊಗೆಸೊಪ್ಪು ಕಟ್ಟುತ್ತಿದ್ದ. ಇರಲಿ.

ಹಚ್ಚಿದ. ವೈಬ್ರಫೋನ್... ಲೋಹದ ಪಟ್ಟಿಗಳ ಮೇಲೆ ನೂಲು ಸುತ್ತಿದ ಕೋಲು ಬಿದ್ದು, ನಾದ ಕೃಷ್ಣೆಯ ಮೇಲಿನ ಬಿಸಿಲಿನಂತೆ ನಡುಗಿತು. ಅಡಿಯಲ್ಲಿ ಬಾಸ್ ಗಿಟಾರು ಕಬ್ಬಿನ ಟ್ರ್ಯಾಕ್ಟರಿನಂತೆ ಗುರುಗುಟ್ಟಿತು. ಫಂಕ್ ತಾಳ. ಕಟ್ಟಿದ್ದ ಕಾಲೂ ಕುಣಿಯಿತು.

ಭೂಪಾಲ ತಾಳಕ್ಕೆ ಸರಿಯಾಗಿ ಕತ್ತರಿ ಒತ್ತುತ್ತಿದ್ದ. ಪೆಟ್ಟಿಗೊಂದು ಹನಿ ರಕ್ತ.

ನಾಲ್ಕು ಹಾಡು ಮುಗಿದವು. ಮುಳ್ಳು ತಾನಾಗಿ ಎದ್ದಿತು. ತಾನಾಗಿ ಹೋಗಿ ಮೊದಲ ಹಾಡಿನ ಮೇಲೆ ಕೂತಿತು.

ಯಾರ ಕೈಯೂ ಬೇಕಾಗಲಿಲ್ಲ.

"ಇಷ್ಟs ಏನ್ರಿ? ನಮ್ಮ ಮದವಿ ವರಾತದ ಬ್ಯಾಂಡ್ ಇದಕಿಂತಾ ಚಲೋ."

ಅವನ ಮುಖ ಕೆಂಪಾಯಿತು. "ಎರಡನೇ ಮಗ್ಗಲ ಕೇಳ ಮಗನ. ಕೇಳಿ ಸಾಯಿ."

ತಿರುವಿ ಹಾಕಿದ. ಅರ್ಧ ಹಾಡಾಗಿರಬೇಕು, ಮೆಟ್ಟಿಲ ಸದ್ದು ಬಂತು. ಕತ್ತರಿ ಬೆನ್ನ ಹಿಂದೆ ಹೋಯಿತು. ನನ್ನ ಕೈಯೂ ಹಗ್ಗವೂ ಮುಚ್ಚುವಂತೆ ಟವೆಲ್ ಬಿತ್ತು.

"ಏಳೋ ಭೂಪಾಲಾ, ಹೊತ್ತ ಮುಳಗಾಕತ್ತೈತಿ. ಉಂಡ ಬಿಡ." ಚಂದ್ರಮತಿ ಬಾಗಿಲಲ್ಲೇ ನಿಂತಳು. "ಇದ್ಯಾವದಪಾ ಹೊಸಾ ಹಾಡ?"

"ಅದs ಅವ್ವಾ. ಸೋಮವಾರದ್ದು." ಗಾಬರಿಯಲ್ಲಿ ಮುಳ್ಳು ಎತ್ತಿಬಿಟ್ಟ.

"ಅದೆಲ್ಲಿ? ಅವತ್ತ, ಈಗ ಮೊದಲ ಹಚ್ಚಿದ್ಯಲ್ಲಾ, ಅದs ಮೂರ ಸಲ ಬಂತು. ನಾ ಕೆಳಗಿಂದ ಕರದ ಕರದ ಸಾಕಾದ್ನಿ, ನೀ ಓ ಅನಲಿಲ್ಲ. ಹೊತ್ತ ಮುಳಗಿದ ಮ್ಯಾಲೆ ಬಂದಿ, ಉಪಾಸ ಮಲಗಿದಿ."

ಕೂತು ಕೇಳುವವನಾದರೆ ಮಗ್ಗಲು ತಿರುವುತ್ತಿದ್ದ; ಅವತ್ತು ಮುಳ್ಳು ತಾನೇ ಮೂರು ಸಲ ಸುತ್ತಿತ್ತು, ಅವನು ಬಾವಿಯ ಹತ್ತಿರ ಇದ್ದ. ನೋಡಿ... ತಮ್ಮನ ತಲೆ ಒಡೆದವನು, ಸೂರ್ಯಾಸ್ತದ ಮೇಲೆ ಉಣ್ಣಬಾರದೆಂಬ ಜೈನರ ನೇಮ ಮಾತ್ರ ಮುರಿಯಲಿಲ್ಲ.

ಮೊದಲೇ ಕರೆ ಹಚ್ಚಿಟ್ಟಿದ್ದ ಫೋನು ನನ್ನ ಕಾಲುಚೀಲದಲ್ಲಿತ್ತು. ಆ ಕಡೆ ಪಿಎಸ್‌ಐ ಎಲ್ಲ ಕೇಳುತ್ತಿದ್ದ.

ಟವೆಲ್ ಕೆಂಪಾಗುತ್ತಿತ್ತು. ಮುದುಕಿ ಅದನ್ನು ನೋಡಿದಳು. ಮಗನ ಬೆನ್ನ ಹಿಂದಿನ ಕೈ ನೋಡಿದಳು. ಕೂತುಬಿಟ್ಟಳು. ಭೂಪಾಲನ ಕೈಯಿಂದ ಕತ್ತರಿ ಜಾರಿತು.

ಜೀಪು ಬಂತು. ಭೂಪಾಲ ಹತ್ತಿದ. ಚನ್ನವ್ವನಿಗೆ ಗಂಡ ಸಿಕ್ಕ. ಚಂದ್ರಮತಿ ನನ್ನ ತೋಳು ಹಿಡಿದಳು. ಒಬ್ಬನನ್ನು ಬಾವಿಗೆ, ಇನ್ನೊಬ್ಬನನ್ನು ತನ್ನ ಬಾಯಿಯಿಂದಲೇ ಜೀಪಿಗೆ ಕೊಟ್ಟವಳು.

"ಠಾಣೆದಾಗ ಹೊತ್ತ ಮುಳಗೂದ್ರೊಳಗ ಊಟಾ ಕೊಡ್ತಾರಲ್ರಿ?"

"ಕೊಡ್ತಾರಬೇ ಯವ್ವಾ."

ಹೇಳಿಕೆ ಕೊಡಲು ನಾನೂ ಠಾಣೆಯಲ್ಲಿದ್ದೆ; ತಟ್ಟೆ ಬಂದದ್ದು ರಾತ್ರಿ ಒಂಬತ್ತಕ್ಕೆ. ಭೂಪಾಲ ಮುಟ್ಟಲಿಲ್ಲ. ಅನ್ನ ದಂಡ ಮಾಡಬಾರದು ನೋಡಿ... ಎಡಗೈಯಲ್ಲೇ ಉಂಡೆ.